ಚಲಚ್ಚಿತ್ರದಲ್ಲಿ ಜೋಡಣೆಯ ಕಲೆ
(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಸಿನಿಮಾ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರಲ್ಲಿ ಹಲವರು ಮೂಗು ಮುರಿಯುವುದುಂಟು. ಕಾವ್ಯವನ್ನೋ ನಾಟಕವನ್ನೋ ಕುರಿತು ಕಾಲೇಜಿನ ಸಂಚಿಕೆಗೆ ಬರೆದರೆ ಅದು ವ್ಯಾಸಂಗ. ಚಲಚ್ಚಿತ್ರವನ್ನು ಕುರಿತು ಬರೆದರೆ ಅದು ಕಾಲಹರಣ ಎಂಬ ಭಾವನೆ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಆದರೆ ಒಂದು ಮಾತನ್ನು ಮರೆಯಬಾರದು. ಅಕ್ಷರ ಬಾರದ ಮನೆಗಳಿಗೆ ಹರಿಕಥೆ, ಕೇಳಿಕೆಗಳ ತರುವಾಯ ಕಾಲಿಟ್ಟ ದೊಡ್ಡ ಕಥನಕಲೆ ಇದೇ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ನನಗೆ ಮೊದಲು ನಮ್ಮ ಮನೆಯಲ್ಲಿ ಯಾರೂ ಕಾದಂಬರಿ ಓದಿದವರಿಲ್ಲ; ಟೆಂಟಿನಲ್ಲಿ ನೆಲದ ಮೇಲೆ ಕುಳಿತು ಸಿನಿಮಾ ನೋಡದವರೂ ಇಲ್ಲ. ಅವರನ್ನು ನಗಿಸಿದ, ಅಳಿಸಿದ, ಒಮ್ಮೊಮ್ಮೆ ಮರುದಿನದ ಕೆಲಸಕ್ಕೆ ಎಬ್ಬಿಸಿ ಕಳುಹಿಸಿದ ಕಲೆ ಹೇಗೆ ಕೆಲಸ ಮಾಡುತ್ತದೆ ಎಂದು ವಿಚಾರಿಸುವುದು ವ್ಯಾಸಂಗವಲ್ಲದೆ ಮತ್ತೇನು? ಈ ಭಾವನೆಯಿಂದಲೇ ನಾನು ಈ ಲೇಖನಕ್ಕೆ ಕೈಹಾಕಿದ್ದೇನೆ.

ಚಲಚ್ಚಿತ್ರದ ಹತ್ತಾರು ಅಂಗಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇನೆ. ಅದಕ್ಕೆ ಮಾಂಟಾಜ್ ಎಂದು ಹೆಸರು. ಇದು ಫ್ರೆಂಚ್ ಮಾತು. ಯಂತ್ರದ ಬಿಡಿಭಾಗಗಳನ್ನು ಕೂಡಿಸಿ ನಿಲ್ಲಿಸುವುದಕ್ಕೆ ಆ ಭಾಷೆಯಲ್ಲಿ ಈ ಹೆಸರುಂಟು. ಕನ್ನಡದಲ್ಲಿ ನಾವು ಜೋಡಣೆ ಎನ್ನಬಹುದು. ನಾವು ತೆರೆಯ ಮೇಲೆ ಎಡೆಬಿಡದೆ ಹರಿಯುತ್ತಿದೆಯೆಂದು ನಂಬುವ ಕಥೆ ನಿಜವಾಗಿ ಸಾವಿರಾರು ತುಂಡುಗಳಾಗಿ ಚಿತ್ರಿತವಾದದ್ದು. ತುಂಡು ತುಂಡಾಗಿ ಹಿಡಿದದ್ದನ್ನು ಯಾವುದರ ಮುಂದೆ ಯಾವುದು, ಎಷ್ಟು ಹೊತ್ತು ಎಂದು ಗೊತ್ತುಮಾಡಿ ಅಂಟಿಸುವುದೇ ಜೋಡಣೆ. ಇದು ಎಲ್ಲ ಚಿತ್ರಗಳಿಗೂ ಸಾಮಾನ್ಯವಾದ ಅರ್ಥ. ಇದಕ್ಕೊಂದು ವಿಶೇಷಾರ್ಥವೂ ಇದೆ. ಮಾತಿನ ನೆರವಿಲ್ಲದೆ ಸಣ್ಣ ಸಣ್ಣ ಚಿತ್ರಗಳನ್ನು ಒಂದರ ಹಿಂದೆ ಒಂದು ಪೋಣಿಸಿ, ವರ್ಷಗಳ ಸಂಗತಿಯನ್ನು ನಿಮಿಷಗಳಲ್ಲಿ ಹೇಳುವುದೋ, ಅಥವಾ ಕ್ಷಣದ ಸಂಗತಿಯನ್ನು ಹಿಗ್ಗಿಸಿ ಎದೆಯಲ್ಲಿ ನಿಲ್ಲಿಸುವುದೋ ಆದಾಗ ಆ ಭಾಗವನ್ನು ನಾವು ಪ್ರತ್ಯೇಕವಾಗಿ ಮಾಂಟಾಜ್ ಎಂದು ಕರೆಯುತ್ತೇವೆ. ಚಿತ್ರದ ಕಥೆ ಮರೆತುಹೋದರೂ ಇಂಥ ಭಾಗ ಮರೆಯುವುದಿಲ್ಲ. ಏಕೆ ಮರೆಯುವುದಿಲ್ಲ, ಅದರಲ್ಲಿ ನಿರ್ದೇಶಕನ ಕೈವಾಡ ಎಷ್ಟು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈ ವಿಷಯವನ್ನು ಮೊದಲು ಪ್ರಯೋಗಮಾಡಿ ನೋಡಿದವರಲ್ಲಿ ರಷ್ಯಾ ದೇಶದ ಲೆವ್ ಕುಲೆಶೋವ್ ಎಂಬಾತ ಪ್ರಸಿದ್ಧ. ಸುಮಾರು ನೂರು ವರ್ಷಗಳ ಹಿಂದೆ ಅವನು ಒಬ್ಬ ನಟನ ನಿರ್ವಿಕಾರ ಮುಖದ ಚಿತ್ರವನ್ನು ತೆಗೆದುಕೊಂಡನಂತೆ. ಅದರ ಪಕ್ಕದಲ್ಲಿ ಒಮ್ಮೆ ಸಾರಿನ ಬಟ್ಟಲನ್ನೂ, ಒಮ್ಮೆ ಶವಪೆಟ್ಟಿಗೆಯನ್ನೂ, ಒಮ್ಮೆ ಆಟವಾಡುವ ಮಗುವನ್ನೂ ಜೋಡಿಸಿದನಂತೆ. ನೋಡಿದವರು ಆಹಾ, ಹಸಿವೆಯನ್ನು ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ, ದುಃಖವನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾನೆ, ಮಗುವನ್ನು ಕಂಡು ಹೇಗೆ ಕರಗಿದ್ದಾನೆ ಎಂದು ನಟನನ್ನು ಹೊಗಳಿದರಂತೆ. ಮುಖ ಮಾತ್ರ ಮೂರು ಸಲವೂ ಒಂದೇ! ಹಾಗಾದರೆ ಹಸಿವೆ ಎಲ್ಲಿತ್ತು? ಮುಖದಲ್ಲೂ ಇರಲಿಲ್ಲ, ಬಟ್ಟಲಿನಲ್ಲೂ ಇರಲಿಲ್ಲ. ಎರಡರ ನಡುವಣ ಸಂದಿನಲ್ಲಿತ್ತು. ಆ ಸಂದನ್ನು ತುಂಬಿದವರು ನೋಡುವವರು.

ಕನ್ನಡ ವ್ಯಾಕರಣ ಓದುವ ನಮಗೆ ಇದು ತೀರ ಹೊಸ ವಿಷಯವಲ್ಲ. ಸಮಾಸ ಪ್ರಕರಣವನ್ನು ನೆನೆಯಿರಿ. ‘ಕೆರೆಕಟ್ಟೆಗಳು’ ಎಂದರೆ ಕೆರೆಯೂ ಕಟ್ಟೆಯೂ ಅಷ್ಟೆ. ಎರಡು ಪದಗಳು ಒಂದರ ಪಕ್ಕದಲ್ಲೊಂದು ನಿಂತಿವೆ, ಇದು ದ್ವಂದ್ವ. ಆದರೆ ‘ಮುಕ್ಕಣ್ಣ’ ಎಂದಾಗ ಮೂರೂ ಮುಖ್ಯವಲ್ಲ, ಕಣ್ಣೂ ಮುಖ್ಯವಲ್ಲ. ಎರಡೂ ಕೂಡಿದಾಗ ಎರಡರಲ್ಲಿಯೂ ಇಲ್ಲದ ಶಿವನು ಎದ್ದು ನಿಲ್ಲುತ್ತಾನೆ. ಇದು ಬಹುವ್ರೀಹಿ. ರಷ್ಯಾದ ಮತ್ತೊಬ್ಬ ನಿರ್ದೇಶಕ ಸೆರ್ಗೈ ಐಸೆನ್‌ಸ್ಟೈನ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಚಿತ್ರಲಿಪಿಯಲ್ಲಿ ನೀರಿನ ಗುರುತನ್ನೂ ಕಣ್ಣಿನ ಗುರುತನ್ನೂ ಕೂಡಿಸಿದರೆ ಅಳು ಎಂಬ ಅರ್ಥ ಬರುವುದನ್ನು ಅವನು ಉದಾಹರಣೆಯಾಗಿ ಕೊಟ್ಟನು. ಅವನ ಮತದಲ್ಲಿ ಒಳ್ಳೆಯ ಜೋಡಣೆಯೆಂದರೆ ದ್ವಂದ್ವವಲ್ಲ, ಬಹುವ್ರೀಹಿ. ೧೯೨೫ರ ‘ಬ್ಯಾಟಲ್‌ಷಿಪ್ ಪೊಟೆಮ್ಕಿನ್’ ಚಿತ್ರದಲ್ಲಿ ಒಡೆಸ್ಸಾ ನಗರದ ಮೆಟ್ಟಿಲುಗಳ ಮೇಲೆ ಸೈನಿಕರು ಜನರನ್ನು ಗುಂಡಿಕ್ಕಿ ಕೊಲ್ಲುವ ಭಾಗ ಇದಕ್ಕೆ ಜಗತ್ಪ್ರಸಿದ್ಧ ನಿದರ್ಶನ. ಸೈನಿಕರ ಬೂಟುಗಳು, ಓಡುವ ಜನ, ತಾಯಿಯ ಮುಖ, ತಾನಾಗಿ ಉರುಳಿಕೊಂಡು ಇಳಿಯುವ ಕೂಸಿನ ಗಾಡಿ, ಮತ್ತೆ ಬೂಟುಗಳು. ಗಡಿಯಾರ ಹಿಡಿದು ನೋಡಿದರೆ ಆ ಮೆಟ್ಟಿಲುಗಳನ್ನು ಇಳಿಯಲು ಅಷ್ಟು ಹೊತ್ತು ಬೇಡ. ಆದರೆ ಸಾಯುವವನಿಗೂ ನೋಡುವವನಿಗೂ ಗಡಿಯಾರ ಬೇರೆ.

ಈಗ ಇನ್ನೊಂದು ಹೆಜ್ಜೆ ಮುಂದಿಡೋಣ. ಜೋಡಣೆ ಎಂಬುದು ಕತ್ತರಿ ಅಂಟುಗಳ ಕೆಲಸ ಮಾತ್ರವಾಗಿದ್ದರೆ ಅದನ್ನು ಯಾರು ಮಾಡಿದರೂ ಒಂದೇ ಆಗಬೇಕಿತ್ತು. ಹಾಗಾಗುವುದಿಲ್ಲ. ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮ ಅಮ್ಮ ಹುಳು ಸಾಕುತ್ತಾರೆ. ನಾಲ್ಕು ಜ್ವರ ಕಳೆದು ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಡುತ್ತಾರೆ. ಅವು ತಲೆಯಾಡಿಸುತ್ತ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತವೆ. (ಇಂಗ್ಲಿಷಿನ ರೇಷ್ಮೆ ಕೈಪಿಡಿಗಳಲ್ಲಿ ಚಂದ್ರಿಕೆಗೆ ‘ಮೌಂಟೇಜ್’ ಎಂದೇ ಹೆಸರಿರುವುದನ್ನು ಕಂಡು ನಾನು ನಕ್ಕದ್ದುಂಟು. ಉಚ್ಚಾರ ಹತ್ತಿರ, ವಸ್ತು ಬೇರೆ.) ಆಮೇಲೆ ಆ ಗೂಡು ಮಾರುಕಟ್ಟೆಗೆ ಹೋಗಿ, ನೂಲು ಬಿಚ್ಚುವವರ ಕೈಸೇರುತ್ತದೆ. ಅವರು ಬಿಸಿನೀರಿನಲ್ಲಿ ಗೂಡಿನ ಅಂಟನ್ನು ಸಡಿಲಿಸಿ, ಒಂದೊಂದರ ಎಳೆಯ ತುದಿ ಹಿಡಿದು, ಏಳೆಂಟು ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುತ್ತಾರೆ. ಒಂದೇ ಹೊರೆ ಗೂಡನ್ನು ಇಬ್ಬರಿಗೆ ಹಂಚಿಕೊಟ್ಟರೂ ಇಬ್ಬರ ನೂಲು ಒಂದೇ ಆಗುವುದಿಲ್ಲ. ಎಷ್ಟು ಎಳೆ, ಎಷ್ಟು ಬಿಗಿ, ಎಳೆ ಮುಗಿದಾಗ ಹೊಸ ಎಳೆಯನ್ನು ಎಲ್ಲಿ ಕೂಡಿಸಬೇಕು ಎಂಬುದು ಕೈಯ ಗುಣ.

ನಿರ್ದೇಶಕನ ಕೈಗುಣವನ್ನು ನಾವು ನಾಲ್ಕು ಕಡೆ ಗುರುತಿಸಬಹುದು. ಒಂದು, ಕ್ಯಾಮರಾವನ್ನು ಎಲ್ಲಿ ಇಡುತ್ತಾನೆ: ಮುಖದ ಹತ್ತಿರವೋ, ಬಯಲಿನ ದೂರದಲ್ಲೋ, ನೆಲಮಟ್ಟದಲ್ಲೋ. ಎರಡು, ಬೆಳಕು ಬಣ್ಣಗಳನ್ನು ಹೇಗೆ ಬಳಸುತ್ತಾನೆ. ಮೂರು, ಒಂದು ಚಿತ್ರವನ್ನು ಎಷ್ಟು ಹೊತ್ತು ನಿಲ್ಲಿಸುತ್ತಾನೆ. ನಾಲ್ಕು, ಅದಾದ ಮೇಲೆ ಏನನ್ನು ತೋರಿಸುತ್ತಾನೆ, ಏನನ್ನು ಬಿಡುತ್ತಾನೆ. ಜೋಡಣೆಯ ಮೇಜಿನ ಮುಂದೆ ಕೂರುವ ಮೊದಲೇ ಈ ನಿರ್ಧಾರಗಳಲ್ಲಿ ಹೆಚ್ಚಿನವು ಆಗಿಹೋಗಿರುತ್ತವೆ. ನೆನಪಿನಲ್ಲಿ ಉಳಿಯುವ ಮಾಂಟಾಜ್ ಕತ್ತರಿಯಿಂದ ಹುಟ್ಟುವುದಕ್ಕಿಂತ ಮೊದಲು ಕಣ್ಣಿನಿಂದ ಹುಟ್ಟುತ್ತದೆ.

ನಮ್ಮ ಕನ್ನಡ ಚಿತ್ರಗಳಲ್ಲಿ ಮಾಂಟಾಜಿನ ತವರುಮನೆ ಹಾಡು. ಇದನ್ನು ಹಲವರು ದೋಷವೆಂದು ಎಣಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮೂರು ನಾಲ್ಕು ನಿಮಿಷಗಳ ಗೊತ್ತಾದ ಅಳತೆ, ತಪ್ಪದ ತಾಳ, ಮಾತಿನ ಹಂಗಿಲ್ಲದ ಸ್ವಾತಂತ್ರ್ಯ, ಇವಿಷ್ಟನ್ನೂ ಹಾಡು ನಿರ್ದೇಶಕನಿಗೆ ಕೊಡುತ್ತದೆ. ಆ ಅಳತೆಯೊಳಗೆ ಯಾರು ಏನು ಮಾಡಿದರು ಎಂಬುದನ್ನು ನೋಡಿದರೆ ಅವರವರ ಕಣ್ಣು ಎಂಥದೆಂದು ಬೇಗ ಗೊತ್ತಾಗುತ್ತದೆ. ೧೯೭೨ನೆಯ ವರ್ಷ ಇದಕ್ಕೆ ಒಳ್ಳೆಯ ಸಾಕ್ಷಿ. ಆ ವರ್ಷದ ಮಾರ್ಚಿಯಲ್ಲಿ ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ವೂ, ಡಿಸೆಂಬರಿನಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರವೂ ತೆರೆಕಂಡವು. ಎರಡೂ ಕಾದಂಬರಿಗಳನ್ನು ಆಧರಿಸಿದವು, ಮೊದಲನೆಯದು ಟಿ. ಕೆ. ರಾಮರಾಯರದು, ಎರಡನೆಯದು ತ. ರಾ. ಸು. ಅವರದು. ಎರಡರಲ್ಲೂ ಜನ ಇಂದಿಗೂ ನೆನೆಯುವ ಒಂದೊಂದು ಹಾಡಿನ ಮಾಂಟಾಜ್ ಇದೆ. ಎರಡನ್ನೂ ಹಾಡಿದವರು ಪಿ. ಬಿ. ಶ್ರೀನಿವಾಸ್ ಒಬ್ಬರೇ. ಆದರೆ ಕಣ್ಣು ಮಾತ್ರ ಬೇರೆ ಬೇರೆ.

ಮೊದಲು ‘ನಾಗರಹಾವು’. ಒನಕೆ ಓಬವ್ವನ ಕಥೆ ನಮಗೆಲ್ಲ ಗೊತ್ತು. ಹೈದರಾಲಿಯ ದಂಡು ಚಿತ್ರದುರ್ಗವನ್ನು ಮುತ್ತಿದ ಕಾಲ. ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಾನೆ. ನೀರು ತರಲು ಹೋದ ಹೆಂಡತಿ ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಾಣುತ್ತಾಳೆ. ಕೈಗೆ ಸಿಕ್ಕ ಒನಕೆಯಿಂದ ಒಬ್ಬೊಬ್ಬರನ್ನಾಗಿ ಬಡಿದು ಕೆಡವುತ್ತಾಳೆ. ಇದನ್ನು ಪುಟ್ಟಣ್ಣನವರು ಚಿತ್ರದುರ್ಗದ ಕೋಟೆಯಲ್ಲೇ, ಜಯಂತಿಯವರನ್ನು ಓಬವ್ವನನ್ನಾಗಿ ಮಾಡಿ, ಒಂದು ಹಾಡಿನ ಅವಧಿಯಲ್ಲಿ ಹೇಳಿದ್ದಾರೆ. ಮುಖ್ಯ ಕಥೆಗೆ ಇದು ಹೊರಗಿನದು; ಆದರೂ ಚಿತ್ರವನ್ನು ನೆನೆದವರು ಇದನ್ನು ಬಿಟ್ಟು ನೆನೆಯುವುದಿಲ್ಲ.

ಪುಟ್ಟಣ್ಣನವರ ಕಣ್ಣು ಮುಖವನ್ನು ಹುಡುಕುವ ಕಣ್ಣು. ಅದರಲ್ಲಿಯೂ ಹೆಣ್ಣಿನ ಮುಖ. ‘ಗೆಜ್ಜೆಪೂಜೆ’, ‘ಶರಪಂಜರ’ಗಳನ್ನು ನೋಡಿದವರಿಗೆ ಇದು ಗೊತ್ತು. ಬಂಡೆ, ಕೋಟೆ, ಹೊಳೆ ಯಾವುದನ್ನು ತೋರಿಸಿದರೂ ಅದು ಮನಸ್ಸಿನೊಳಗಿನ ಯಾವುದೋ ಒಂದಕ್ಕೆ ಸಂಕೇತವಾಗಿ ನಿಲ್ಲುತ್ತದೆ. ಓಬವ್ವನ ಭಾಗದಲ್ಲಿ ಹೊರಗಿನ ಯುದ್ಧ ನಮಗೆ ಮುಖ್ಯವಾಗುವುದಿಲ್ಲ. ಗೃಹಿಣಿಯ ಮುಖ ನೋಡುನೋಡುತ್ತಿದ್ದಂತೆ ಉಗ್ರವಾಗುವುದು ಮುಖ್ಯವಾಗುತ್ತದೆ. ಜೋಡಣೆಯೂ ಅದಕ್ಕೆ ತಕ್ಕಂತೆ ಇದೆ. ಕಿಂಡಿ, ತಲೆ, ಒನಕೆ. ಮತ್ತೆ ಕಿಂಡಿ, ತಲೆ, ಒನಕೆ. ಬರಬರುತ್ತ ಈ ಆವರ್ತನೆಗೆ ಒಂದು ಲಯ ಬರುತ್ತದೆ. ಅದು ಯಾವ ಲಯ? ನಮ್ಮ ಅಜ್ಜಿಗೆ ಓದು ಬಾರದು. ನಮ್ಮ ಕಡೆಯ ಅನೇಕ ಮನೆಗಳಂತೆ ನಮ್ಮದರಲ್ಲೂ ಮನೆಮಾತು ತೆಲುಗು, ಆದ್ದರಿಂದ ಹಾಡಿನ ಕನ್ನಡವೂ ಅವರಿಗೆ ಪೂರ್ತಿಯಾಗಿ ತಿಳಿಯದು. ಒಂದು ದಿನ ದೂರದರ್ಶನದಲ್ಲಿ ಈ ಭಾಗ ಬರುತ್ತಿದ್ದಾಗ ಅವರು, ಅದು ಕುಟ್ಟಿ ಕುಟ್ಟಿ ಪಳಗಿದ ಕೈ ಕಣೇ, ಕತ್ತಿ ಹಿಡಿದವರಿಗೆ ಹಾಗೆ ಎತ್ತಿ ಹಾಕಲು ಬಾರದು ಎಂದರು. ಪಾಠದಲ್ಲಿ ನಾನು ಎಷ್ಟೋ ಸಲ ಓಬವ್ವನ ಶೌರ್ಯವನ್ನು ಓದಿದ್ದೆ. ಒನಕೆ ಆಯುಧವಾಗುವುದಕ್ಕೆ ಮುಂಚೆ ದಿನನಿತ್ಯದ ದುಡಿಮೆಯಾಗಿತ್ತೆಂಬುದನ್ನು ತೋರಿಸಿಕೊಟ್ಟದ್ದು ಆ ಲಯ. ಭತ್ತ ಕುಟ್ಟುವ ಲಯವೂ ಕೊಲ್ಲುವ ಲಯವೂ ಒಂದಾದಾಗ ಅಲ್ಲಿ ಮೂರನೆಯ ಅರ್ಥವೊಂದು ಹುಟ್ಟಿತು. ಇದೇ ಬಹುವ್ರೀಹಿ. ಇಲ್ಲಿ ಕಾಲ ಹಿಗ್ಗಿದೆ ಎಂಬುದನ್ನೂ ಗಮನಿಸಬೇಕು. ಗಂಡ ಉಂಡು ಏಳುವಷ್ಟು ಹೊತ್ತಿನ ಸಂಗತಿ ಯುಗದಂತೆ ಭಾಸವಾಗುತ್ತದೆ, ಒಡೆಸ್ಸಾದ ಮೆಟ್ಟಿಲುಗಳ ಹಾಗೆ.

‘ಬಂಗಾರದ ಮನುಷ್ಯ’ದ ರೀತಿ ಇದಕ್ಕೆ ತದ್ವಿರುದ್ಧ. ಭಾವ ತೀರಿಕೊಂಡ ಮೇಲೆ ಅಕ್ಕನ ಸಂಸಾರದ ಹೊರೆ ಹೊರುವ ರಾಜೀವ ಎಂಬ ಯುವಕ ಯಾರೂ ಬೇಡವೆಂದ ಕಲ್ಲುನೆಲವನ್ನು ಸಾಗುವಳಿ ಮಾಡಲು ಹೊರಡುತ್ತಾನೆ. ಊರವರು ಆಗದ ಕೆಲಸ ಎನ್ನುತ್ತಾರೆ. ಅದಕ್ಕೆ ಉತ್ತರವಾಗಿ ಬರುವ ಹಾಡಿನಲ್ಲಿ ರಾಜಕುಮಾರ್ ಅವರು ಕಲ್ಲಿನೊಡನೆ ಸೆಣಸುತ್ತಾರೆ. ಜಿ. ಕೆ. ವೆಂಕಟೇಶ್ ಅವರ ಸಂಗೀತ. ಆ ಹಾಡಿನಲ್ಲಿ ಕನ್ನಂಬಾಡಿ ಕಟ್ಟೆಯ ಪ್ರಸ್ತಾಪವೂ, ಅದಕ್ಕಾಗಿ ಶ್ರಮಿಸಿದ ವಿಶ್ವೇಶ್ವರಯ್ಯನವರ ಪ್ರಸ್ತಾಪವೂ ಬರುತ್ತದೆ. ನಮ್ಮ ಚಿಕ್ಕಬಳ್ಳಾಪುರಕ್ಕೆ ಅಂಟಿಕೊಂಡಂತಿರುವ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಸಮಾಧಿಯಾಗಿರುವವರ ಹೆಸರು ಕೇಳಿದಾಗ ನಮ್ಮವರಿಗೆ ಹೆಮ್ಮೆಯಾಗುವುದು ಸಹಜ.

ಸಿದ್ದಲಿಂಗಯ್ಯನವರ ಕಣ್ಣು ಸಂಕೇತವನ್ನು ಹುಡುಕುವುದಿಲ್ಲ. ಅವರಿಗೆ ಕಲ್ಲು ಕಲ್ಲೇ, ಮಣ್ಣು ಮಣ್ಣೇ. ತೆರೆದ ಬಯಲು, ಹಗಲು ಬೆಳಕು, ದುಡಿಯುವ ಮೈ. ಇವೇ ಅವರ ಸಾಮಗ್ರಿ. ಎರಡು ವರ್ಷಗಳ ತರುವಾಯ ಗೊರೂರರ ಕಥೆಯಿಂದ ಅವರು ತೆಗೆದ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿಯೂ ಊರನ್ನು ಊರಾಗಿಯೇ ತೋರಿಸುವ ಈ ಸರಳತೆ ಇದೆ. ಇಲ್ಲಿ ಜೋಡಣೆಯ ಕೆಲಸ ಕಾಲವನ್ನು ಹಿಗ್ಗಿಸುವುದಲ್ಲ, ಕುಗ್ಗಿಸುವುದು. ದಿನಗಳು, ತಿಂಗಳುಗಳು ಚರಣಗಳಾಗಿ ಕಳೆಯುತ್ತವೆ.

ಇದೇ ಕೆಲಸವನ್ನು ಅಮೆರಿಕದ ಕಿಂಗ್ ವಿಡೋರ್ ಎಂಬ ನಿರ್ದೇಶಕ ೧೯೩೪ರಲ್ಲಿ ‘ಅವರ್ ಡೈಲಿ ಬ್ರೆಡ್’ ಎಂಬ ಚಿತ್ರದಲ್ಲಿ ಮಾಡಿದ್ದ. ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಜನ ಒಟ್ಟಾಗಿ ಬೇಸಾಯಕ್ಕೆ ನಿಲ್ಲುತ್ತಾರೆ. ಮಳೆ ಕೈಕೊಟ್ಟು ಜೋಳದ ಬೆಳೆ ಒಣಗುತ್ತದೆ. ಎಲ್ಲರೂ ಸೇರಿ ದೂರದ ನೀರಿಗೆ ಕಾಲುವೆ ತೋಡುತ್ತಾರೆ. ವಿಡೋರನು ಆ ಭಾಗವನ್ನು ಚಿತ್ರಿಸುವಾಗ ತಾಳದ ಯಂತ್ರವನ್ನಿಟ್ಟು, ಡೋಲಿನ ಪೆಟ್ಟಿಗೆ ಸರಿಯಾಗಿ ಗುದ್ದಲಿ ಸಲಿಕೆಗಳು ಏಳುವಂತೆಯೂ ಬೀಳುವಂತೆಯೂ ಮಾಡಿಸಿದನು. ಅವನು ಬೇಕೆಂದು ತಂದುಕೊಂಡ ತಾಳ ನಮ್ಮ ನಿರ್ದೇಶಕರಿಗೆ ಹಾಡಿನಿಂದ ತಾನಾಗಿ ಒದಗಿತು. ನಾಟಿಯ ಹಾಡು, ಬೀಸುವ ಹಾಡು, ಭಾರ ಎಳೆಯುವವರ ಐಸಾ ಕೂಗು, ಇವುಗಳ ನಡುವೆ ಬೆಳೆದ ಜನಕ್ಕೆ ದುಡಿಮೆಗೆ ಹಾಡು ಸೇರುವುದು ಕೃತಕವಾಗಿ ಕಾಣಲಿಲ್ಲ.

‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂದೂ, ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿದ ಯುವಕರಿದ್ದರೆಂದೂ ಹಿರಿಯರು ಹೇಳುತ್ತಾರೆ. ನನಗೆ ಹತ್ತಿರದಿಂದ ಗೊತ್ತಿರುವುದು ಒಬ್ಬರ ಕಥೆ ಮಾತ್ರ. ನಮ್ಮ ತಾತ ಚಿಂತಾಮಣಿ ಕಡೆಯ ಒಣನೆಲದಲ್ಲಿ ತಮ್ಮ ಅಣ್ಣತಮ್ಮಂದಿರೊಡನೆ ಸೇರಿ ಬಾವಿ ತೋಡಿದವರು. ಅದಕ್ಕೆ ಮೂರು ಬೇಸಗೆ ಹಿಡಿಯಿತು. ಮೊದಲನೆಯ ಬೇಸಗೆಯಲ್ಲಿ ಮಣ್ಣು, ಎರಡನೆಯದರಲ್ಲಿ ಬಂಡೆ. ಬಂಡೆಗೆ ಕುಳಿ ಹೊಡೆದು, ಮದ್ದು ತುಂಬಿ, ಸಿಡಿಸಿ, ಚೂರನ್ನು ಮಂಕರಿಯಲ್ಲಿ ಹೊತ್ತು ಮೇಲೆ ತಂದು ಸುರಿಯಬೇಕು. ಆ ಎರಡನೆಯ ಬೇಸಗೆ ಮುಗಿದು ಕೆಲಸ ನಿಂತಿದ್ದಾಗ ಅವರು ಟೆಂಟಿನಲ್ಲಿ ಈ ಚಿತ್ರವನ್ನು ನೋಡಿದರಂತೆ. ನಾನು ಕೇಳಿದಾಗ ತಾತ ನಕ್ಕು, “ಅವರಿಗೆ ಒಂದು ಹಾಡಿನಲ್ಲಿ ನೆಲ ಹದವಾಯ್ತಮ್ಮ, ನಮಗೆ ಎರಡು ವರ್ಷ ಅಗೆದರೂ ಬಂಡೆ ಮುಗಿದಿರಲಿಲ್ಲ” ಎಂದರು. “ಹಾಗಾದರೆ ಅದು ಸುಳ್ಳು ಅಂತ ಅನ್ನಿಸಲಿಲ್ವಾ ತಾತ?” ಎಂದೆ. “ಸುಳ್ಳು ಯಾಕೆ? ಅಗೆಯೋರು ನಾವೊಬ್ಬರೇ ಅಲ್ಲ ಅಂತ ಅನ್ನಿಸ್ತು” ಎಂದರು. ಮುಂದಿನ ಬೇಸಗೆ ಮತ್ತೆ ಹಾರೆ ಹಿಡಿದರು. ನೀರು ಬಂತು. ಆ ಬಾವಿಗೆ ಕಪಿಲೆ ಹೂಡಿ ರಾಗಿ, ತರಕಾರಿ ಬೆಳೆದರು.

ತಾತನ ಈ ಮಾತಿನಲ್ಲಿ ಮಾಂಟಾಜಿನ ಬಲವೂ ಮಿತಿಯೂ ಎರಡೂ ಅಡಗಿವೆ ಎಂದು ನನಗೆ ತೋರುತ್ತದೆ. ಅದು ಕಾಲವನ್ನು ನುಂಗಿಹಾಕಿತು, ಅದು ನಿಜ. ಆದರೆ ಕಲ್ಲನ್ನು ನುಂಗಲಿಲ್ಲ. ಸಿದ್ದಲಿಂಗಯ್ಯನವರು ಕಲ್ಲನ್ನು ಅಲಂಕಾರಮಾಡಿ ತೋರಿಸಿದ್ದರೆ, ಅಥವಾ ನಾಯಕನ ಮುಖವನ್ನೇ ಮತ್ತೆ ಮತ್ತೆ ತೋರಿಸಿ ಕೆಲಸವನ್ನು ಮರೆಯಿಸಿದ್ದರೆ, ಅರ್ಧ ಅಗೆದ ಬಾವಿಯ ಒಡೆಯನೊಬ್ಬ ಅದರಲ್ಲಿ ತನ್ನನ್ನು ಕಾಣುತ್ತಿರಲಿಲ್ಲ. ಕೆಲಸ ಬಲ್ಲವನಿಗೆ ತೆರೆಯ ಮೇಲಿನ ಕೆಲಸ ಕೆಲಸವಾಗಿ ಕಂಡಿತು. ನಡುವೆ ಬಿಟ್ಟುಹೋದ ಬೇಸಗೆಗಳನ್ನು ಅವನೇ ತನ್ನ ಅನುಭವದಿಂದ ತುಂಬಿಕೊಂಡ. ಕುಲೆಶೋವನ ಸಂದು ಇದೇ.

ಆದರೆ ಆ ಸಂದನ್ನು ತುಂಬಲು ಅನುಭವವಿಲ್ಲದವರ ಗತಿಯೇನು? ಇಲ್ಲಿಯೇ ಅಪಾಯವಿರುವುದು. ಹಾಡು ಮುಗಿಯುವ ಹೊತ್ತಿಗೆ ನೆಲ ಹಸುರಾಗುವುದನ್ನು ಮಾತ್ರ ನೋಡಿದವನು, ಹಸುರಾಗದ ನೆಲದವನನ್ನು ಸೋಮಾರಿ ಎಂದುಕೊಂಡಾನು. ನಮ್ಮ ಜಿಲ್ಲೆಯನ್ನೇ ನೋಡಿ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ಹುಟ್ಟುತ್ತವೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ತಾತನ ಬಾವಿ ಈಗ ಒಣಗಿದೆ. ನಮ್ಮ ಅಪ್ಪ ಕೊರೆಸಿದ ಕೊಳವೆಬಾವಿಗಳಲ್ಲಿ ಒಂದು ಸಾವಿರ ಅಡಿ ದಾಟಿಯೂ ಧೂಳು ಮಾತ್ರ ಬಂತು. ಛಲಕ್ಕೆ ಕೊರತೆಯಿರಲಿಲ್ಲ, ನೆಲದಲ್ಲಿ ನೀರಿರಲಿಲ್ಲ. ಯಂತ್ರ ಒಂದು ರಾತ್ರಿ ಕೊರೆದದ್ದಕ್ಕೆ ಮಾಡಿದ ಸಾಲವನ್ನು ಹಲವು ಬೆಳೆ ರೇಷ್ಮೆಗೂಡು ಮಾರಿ ತೀರಿಸಬೇಕಾಯಿತು. ಈ ಕಥೆಗೆ ನಾಲ್ಕು ನಿಮಿಷಗಳ ಹಾಡು ಹೊಂದುವುದಿಲ್ಲ. ‘ಬಂಗಾರದ ಮನುಷ್ಯ’ದ ಪರವಾಗಿ ಒಂದು ಮಾತು ಹೇಳಲೇಬೇಕು. ಆ ಚಿತ್ರ ಹಸುರಿನಲ್ಲಿ ಮುಗಿಯುವುದಿಲ್ಲ. ದುಡಿದು ಕಟ್ಟಿದ ಮನೆಯಲ್ಲಿ ಚುಚ್ಚುಮಾತು ಕೇಳಬೇಕಾಗಿ ಬಂದಾಗ ನಾಯಕ ಎಲ್ಲವನ್ನೂ ಬಿಟ್ಟು ಒಬ್ಬನೇ ನಡೆದು ಹೋಗುತ್ತಾನೆ. ಮಾಂಟಾಜು ಕೊಟ್ಟ ಭರವಸೆಯನ್ನು ಚಿತ್ರದ ಕೊನೆ ತಾನೇ ತೂಗಿ ನೋಡುತ್ತದೆ.

ಈ ಅಪಾಯವನ್ನು ಅರಿತು ಮಾಂಟಾಜಿನಿಂದ ದೂರ ನಿಲ್ಲುವ ನಿರ್ದೇಶಕರೂ ಉಂಟು. ಗಿರೀಶ ಕಾಸರವಳ್ಳಿಯವರನ್ನು ಇಲ್ಲಿ ನೆನೆಯಬೇಕು. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಅವರು ತೆಗೆದ ‘ತಬರನ ಕಥೆ’ ೧೯೮೬ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ನಿವೃತ್ತನಾದ ಬಡ ನೌಕರ ತಬರ ತನ್ನ ಪಿಂಚಣಿಗಾಗಿ ಕಚೇರಿಗಳಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಈ ಅಲೆದಾಟವನ್ನು ಬಾಗಿಲು, ಮೇಜು, ಕಡತ, ಬಾಗಿಲು ಎಂದು ಒಂದು ನಿಮಿಷದಲ್ಲಿ ಪೋಣಿಸಿ ಮುಗಿಸಬಹುದಿತ್ತು. ಕಾಸರವಳ್ಳಿಯವರು ಹಾಗೆ ಮಾಡಿ ಮುಗಿಸುವುದಿಲ್ಲ. ತಬರ ಕಾದಂತೆ ನಾವೂ ಕಾಯಬೇಕು. ಅವರ ಶೈಲಿಯಲ್ಲಿ ಕಾಯುವುದೇ ಕಥೆ. ಕತ್ತರಿಸುವುದು ಹೇಗೆ ಒಂದು ಅಭಿಪ್ರಾಯವೋ ಕತ್ತರಿಸದೆ ಬಿಡುವುದೂ ಹಾಗೆಯೇ ಒಂದು ಅಭಿಪ್ರಾಯ.

ಇಷ್ಟನ್ನು ಹೇಳಿದ ಮೇಲೆ ಒಂದು ಅಭ್ಯಾಸವನ್ನು ಮಾಡಿ ನೋಡೋಣ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ೧೯೩೮ನೆಯ ಏಪ್ರಿಲ್ ೨೫ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಅದನ್ನು ಕರೆಯುತ್ತಾರೆ. ಅಶ್ವತ್ಥದ ಕೆಳಗಿನ ನಾಗರಕಲ್ಲುಗಳು, ಪಿನಾಕಿನಿಯ ದಡ, ಹಳ್ಳಿ ಹಳ್ಳಿಗಳಿಂದ ನಡೆದು ಬಂದ ಜನ, ಬಾವುಟ, ಬಂದೂಕು: ಸಾಮಗ್ರಿ ಎಲ್ಲರಿಗೂ ಇದೇ. ಐಸೆನ್‌ಸ್ಟೈನ್ ಆಗಿದ್ದರೆ ಬೂಟುಗಳ ಸಾಲಿಗೂ ಬರಿಗಾಲುಗಳ ಗುಂಪಿಗೂ ಡಿಕ್ಕಿ ಹೊಡೆಸುತ್ತಿದ್ದ. ಅಲ್ಲಿ ಒಬ್ಬ ನಾಯಕನಿರುತ್ತಿರಲಿಲ್ಲ, ಜನವೇ ನಾಯಕ. ಪುಟ್ಟಣ್ಣನವರಾಗಿದ್ದರೆ ಗುಂಪಿನಲ್ಲಿ ಒಬ್ಬ ತಾಯಿಯ ಮುಖವನ್ನು ಆರಿಸಿಕೊಂಡು, ಹೆಡೆಯೆತ್ತಿದ ನಾಗರಕಲ್ಲನ್ನು ಅದರ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಸಿದ್ದಲಿಂಗಯ್ಯನವರಾಗಿದ್ದರೆ ಗುಂಡಿಗಿಂತ ಹೆಚ್ಚಾಗಿ, ನೇಗಿಲನ್ನು ಬದುವಿನ ಮೇಲಿಟ್ಟು ಊರಿನಿಂದ ಊರಿಗೆ ಸೇರಿಕೊಳ್ಳುತ್ತ ಬಂದ ನಡಿಗೆಯನ್ನು ತೋರಿಸುತ್ತಿದ್ದರು. ಕಾಸರವಳ್ಳಿಯವರು ಬಹುಶಃ ಮೈದಾನಕ್ಕೇ ಹೋಗುತ್ತಿರಲಿಲ್ಲ. ಸಂಜೆಯಾದರೂ ಹಿಂದಿರುಗದವನಿಗಾಗಿ ಮುದ್ದೆ ಮುಚ್ಚಿಟ್ಟು ಕುಳಿತವಳ ಬಳಿ ಕ್ಯಾಮರಾ ಇಡುತ್ತಿದ್ದರು. ಇವು ನನ್ನ ಊಹೆಗಳು. ಆದರೆ ಅವರವರ ಚಿತ್ರಗಳನ್ನು ನೋಡಿದ ಯಾರೇ ಆದರೂ ಇಂಥ ಊಹೆಯನ್ನು ಮಾಡಬಲ್ಲರು ಎಂಬುದೇ ನಿರ್ದೇಶಕನಿಗೆ ಶೈಲಿ ಇದೆ ಎಂಬುದಕ್ಕೆ ಪ್ರಮಾಣ. ಘಟನೆ ಒಂದೇ. ಯಾರ ಸಾವಿಗೆ ನಾವು ಅಳುತ್ತೇವೆ, ಯಾರ ಮೇಲೆ ಸಿಟ್ಟಾಗುತ್ತೇವೆ, ಏನನ್ನು ಮರೆಯುತ್ತೇವೆ ಎಂಬುದು ಜೋಡಣೆಗೆ ತಕ್ಕಂತೆ ಬದಲಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಈ ವಿಚಾರ ಇಂದು ಚಿತ್ರಮಂದಿರಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಕೈಯ ಫೋನಿನಲ್ಲಿ ದಿನವೂ ನೂರಾರು ಜೋಡಣೆಗಳು ಬರುತ್ತಿವೆ. ಮೂವತ್ತು ಸೆಕೆಂಡಿನಲ್ಲಿ ಒಬ್ಬನ ಬಡತನ ನೀಗುತ್ತದೆ, ಇನ್ನೊಬ್ಬ ಮಹಾಪುರುಷನಾಗುತ್ತಾನೆ, ಮತ್ತೊಬ್ಬ ದುಷ್ಟನಾಗುತ್ತಾನೆ. ಹಿಂದೆ ಸಂಗೀತ, ಮುಂದೆ ಮುಖ. ಕುಲೆಶೋವನ ಪ್ರಯೋಗ ಈಗ ಮನೆಮನೆಯಲ್ಲಿ ನಡೆಯುತ್ತಿದೆ, ಪ್ರಯೋಗವೆಂದು ತಿಳಿಯದ ಜನರ ಮೇಲೆ. ಕಾವ್ಯವನ್ನು ಓದುವಾಗ ಅಲಂಕಾರ ಯಾವುದು, ಅರ್ಥ ಯಾವುದು ಎಂದು ಬಿಡಿಸಿ ನೋಡಲು ನಮ್ಮ ಗುರುಗಳು ಕಲಿಸಿದ್ದಾರೆ. ಅದೇ ವಿವೇಕವನ್ನು ನೋಡುವ ಚಿತ್ರಕ್ಕೂ ಬಳಸಬೇಕು. ಈ ಮುಖದ ಪಕ್ಕದಲ್ಲಿ ಈ ವಸ್ತುವನ್ನು ಯಾರು ಇಟ್ಟರು? ಏಕೆ ಇಟ್ಟರು? ನಡುವೆ ಏನನ್ನು ಬಿಟ್ಟರು? ಇಷ್ಟು ಕೇಳಿದರೆ ಸಾಕು. ರಸಕ್ಕೆ ಭಂಗ ಬರುವುದಿಲ್ಲ. ಗೂಡಿನಿಂದ ನೂಲು ಹೇಗೆ ಬರುತ್ತದೆಂದು ತಿಳಿದವರಿಗೆ ರೇಷ್ಮೆ ಸೀರೆಯ ಚೆಲುವು ಕಡಮೆಯಾಗಿ ಕಂಡದ್ದುಂಟೆ?

ಇನ್ನೊಂದು ಮಾತು. ಕ್ಯಾಮರಾ ಎಂಬುದು ಇನ್ನು ಮದರಾಸಿಗೋ ಬೆಂಗಳೂರಿಗೋ ಹೋಗಿ ಕಾಡಿ ಬೇಡಿ ಮುಟ್ಟಬೇಕಾದ ವಸ್ತುವಲ್ಲ. ನಮ್ಮ ಓರಗೆಯವರಲ್ಲಿ ಯಾರಾದರೂ ನಾಳೆ ಈ ಸೀಮೆಯ ಕಥೆಯನ್ನು ಚಿತ್ರಿಸಬಹುದು. ಒಂದು ಬಾವಿಯ ಮೊದಲನೆಯ ಗುದ್ದಲಿಗೂ ಮೊದಲನೆಯ ನೀರಿಗೂ ನಡುವೆ ಎಷ್ಟು ಬೇಸಗೆಗಳಿವೆ ಎಂಬುದು ನಮ್ಮಂಥ ಮನೆಗಳಿಂದ ಬಂದವರಿಗೆ ಲೆಕ್ಕ ಹಾಕದೆಯೇ ಗೊತ್ತು. ಅವುಗಳಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂದು ಹೇಳುವ ಹಕ್ಕೂ ಹೊಣೆಯೂ ಆಗ ನಮ್ಮದಾಗಿರುತ್ತದೆ.